ಒಗರು ವೈನಿನ ಪಕ್ಕದ ತಟ್ಟೆ

ನಮ್ಮ ದೊಡ್ಡಮ್ಮನ ಬಗ್ಗೆ ಬರೆಯುತ್ತೇನೆ ಎಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. “ನನ್ನ ಬಗ್ಗೆ ಬರೆಯೋಕೆ ಏನಿದೆಯೇ? ಬೆಳಿಗ್ಗೆ ಒಲೆ ಹಚ್ಚಿದೆ, ರಾತ್ರಿ ಆರಿಸಿದೆ. ಮುಗೀತಲ್ಲ ಕತೆ” ಎಂದಳು. ಹಚ್ಚುವುದಕ್ಕೂ ಆರಿಸುವುದಕ್ಕೂ ನಡುವೆ ಈ ಹೆಂಗಸು ಏನು ಮಾಡುತ್ತಿದ್ದಳು ಎಂಬುದು ನನಗೆ ಗೊತ್ತಾಗಿದ್ದೇ ಹೋದ ವರ್ಷ, ಅವಳ ಬಲಗೈ ಮುರಿದ ಮೇಲೆ. ಗೊತ್ತಾದ ಮೇಲೆ ಸುಮ್ಮನಿರುವುದು ನನ್ನಿಂದಾಗದ ಕೆಲಸ. ಈ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳಬಲ್ಲವಳು ಅವಳು, ನಾನಲ್ಲ.

ದೊಡ್ಡಪ್ಪ ವೈನ್ ಮಾಡುವವರು. ಮಾಡುವುದು ಒಂದೇ ಬಗೆ, ಕಪ್ಪು ದ್ರಾಕ್ಷಿಯ ಮೈತುಂಬಿದ ಕೆಂಪು ವೈನ್. ಗ್ಲಾಸಿಗೆ ಸುರಿದರೆ ಆಚೆ ಬದಿ ಹಿಡಿದ ಬೆರಳು ಕಾಣಬಾರದು, ಅಷ್ಟು ಗಾಢ. ಸ್ವಲ್ಪ ತೆಳುವಾಗಿ ಮಾಡಿ, ಬೇಸಿಗೆಗೆ ತಣ್ಣಗೆ ಕುಡಿಯುವಂಥದ್ದು ಮಾಡಿ ಎಂದು ಯಾರಾದರೂ ಸಲಹೆ ಕೊಟ್ಟರೆ, “ಶರಬತ್ತಿನ ಅಂಗಡಿ ಬೀದಿ ಕೊನೇಲಿದೆ, ಅಲ್ಲಿ ಕೇಳಿ” ಎನ್ನುತ್ತಾರೆ. ಮನುಷ್ಯ ಚಿನ್ನದಂಥವರು, ಆದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೂಗೂ ಸಣ್ಣದಲ್ಲ. ಬೀದಿಯವರು ಅವರನ್ನು ಮೂಗಿನ ಸಾಹುಕಾರರು ಎಂದೇ ಕರೆಯುವುದು. ಅದು ಗೌರವವೋ ಲೇವಡಿಯೋ ಎಂದು ಅವರು ಇವತ್ತಿನವರೆಗೂ ವಿಚಾರಿಸಿಲ್ಲ.

ಮನೆಯ ಕೆಳಗೆ ನೆಲಮಾಳಿಗೆ. ಅಲ್ಲಿ ಮರದ ಪೀಪಾಯಿಗಳು ಎರಡು ಸಾಲಾಗಿ ಮಲಗಿರುತ್ತವೆ. ಮೇಲೆ ಅಡುಗೆಮನೆ. ಅಡುಗೆಮನೆಗೆ ತಾಗಿ, ಬೀದಿಗೆ ಕಿಟಕಿಯಿರುವ ಒಂದು ಉದ್ದನೆಯ ಕೋಣೆ. ವೈನ್ ಕೊಳ್ಳಲು ಬಂದವರು ರುಚಿ ನೋಡುವುದು ಅಲ್ಲಿ. ಗ್ಲಾಸು ತೊಳೆದು, ಮುಸುರೆ ಬಟ್ಟೆಯ ವಾಸನೆ ತಾಗದಂತೆ ತೆಳ್ಳನೆಯ ಬಟ್ಟೆಯಲ್ಲಿ ಒರೆಸಿ, ಬಂದವರಿಗೆ ವೈನ್ ಸುರಿದು, ನಾಲ್ಕು ಮಾತಾಡುವುದು ನನ್ನ ಕೆಲಸ. ನಾಲ್ಕು ಅಂದರೆ ನಲವತ್ತು ಮಾತಾಡುತ್ತೀ ಎಂದು ದೊಡ್ಡಪ್ಪ ಗೊಣಗುತ್ತಾರೆ.

ನಾನು ಈ ಮನೆಗೆ ಬಂದದ್ದು ಗಂಡನ ಮನೆ ಬಿಟ್ಟು, ಒಂದು ಸೂಟ್‌ಕೇಸ್ ಹಿಡಿದುಕೊಂಡು. ದೊಡ್ಡಮ್ಮ ನಮ್ಮಮ್ಮನ ಅಕ್ಕ. ಯಾಕೆ ಬಂದೆ, ಏನಾಯ್ತು, ಯಾವಾಗ ಹೋಗ್ತೀ, ಏನನ್ನೂ ಕೇಳಲಿಲ್ಲ. ಈರುಳ್ಳಿಯ ಬುಟ್ಟಿ ಮುಂದೆ ತಳ್ಳಿ, “ಇಷ್ಟನ್ನೂ ಹೆಚ್ಚಿಬಿಡು” ಎಂದಳು. ನಾನು ಹೆಚ್ಚುತ್ತಾ ಅತ್ತುಬಿಟ್ಟೆ, ಅವಳು ನೋಡದವಳ ಹಾಗೆ ಒಲೆಯ ಕಡೆ ತಿರುಗಿ ನಿಂತಳು. ಅಷ್ಟು ಈರುಳ್ಳಿ ಆವತ್ತಿನ ಅಡುಗೆಗೆ ಬೇಕಾಗಿರಲೇ ಇಲ್ಲ ಎಂಬುದು ಆಮೇಲೆ ತಿಳಿಯಿತು.

ವೈನ್ ರುಚಿ ನೋಡುವುದಕ್ಕೆ ಒಂದು ಕ್ರಮವಿದೆ. ಮೊದಲು ಬಿಳಿ ಬಟ್ಟೆಯ ಮೇಲೆ ಗ್ಲಾಸನ್ನು ಓರೆ ಮಾಡಿ ಬಣ್ಣ ನೋಡಬೇಕು. ಆಮೇಲೆ ಮೆಲ್ಲಗೆ ತಿರುಗಿಸಿ, ಗಾಜಿನ ಒಳಗೋಡೆಯಲ್ಲಿ ಅದು ಎಷ್ಟು ನಿಧಾನವಾಗಿ ಇಳಿಯುತ್ತದೆ ಎಂದು ನೋಡಬೇಕು. ಗ್ಲಾಸಿನೊಳಗೆ ಮೂಗು ಇಳಿಸಿ ಉಸಿರೆಳೆಯಬೇಕು. ನಮ್ಮ ವೈನಿನಲ್ಲಿ ನೇರಳೆಹಣ್ಣು, ಕರಿಮೆಣಸು, ಪೀಪಾಯಿಯ ಸುಟ್ಟ ಮರ ಇಷ್ಟೂ ಸಿಗುತ್ತದೆ. ಕೊನೆಗೆ ಒಂದು ಗುಟುಕು ಬಾಯಿಗೆ ಹಾಕಿ, ಒಳಗೆಲ್ಲ ಓಡಾಡಿಸಿ, ನುಂಗುವವರು ನುಂಗಬೇಕು, ಮಿಕ್ಕವರು ಪಕ್ಕದ ಪೀಕದಾನಿಗೆ ಉಗುಳಬೇಕು. ಬೇರೆ ಕಡೆ ಇದೆಲ್ಲ ನಡೆಯುವುದು ಬೆಳಗಿನ ಹೊತ್ತು, ಬರೀ ಬಾಯಲ್ಲಿ. ನಮ್ಮಲ್ಲಿ ಮಾತ್ರ ಗ್ಲಾಸಿಗಿಂತ ಮೊದಲು ತಟ್ಟೆ ಬರುತ್ತದೆ.

ಅದು ದೊಡ್ಡಮ್ಮ ಮಾಡಿದ ಕಾನೂನು. ಬಂದವರು ಮೊದಲು ಒಂದು ತುತ್ತು ತಿನ್ನಬೇಕು, ಆಮೇಲೆ ಕುಡಿಯಬೇಕು. ದೊಡ್ಡಪ್ಪನಿಗೂ ಅದೇ. ಅವರು ಕೆಳಗೆ ಪೀಪಾಯಿಯಿಂದ ವೈನ್ ತೆಗೆದು ರುಚಿ ನೋಡುವ ಹೊತ್ತಿಗೆ ಸರಿಯಾಗಿ ಮೇಲಿನಿಂದ ಮುಚ್ಚಿದ ತಟ್ಟೆ ಇಳಿಯುತ್ತಿತ್ತು. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೆಂದ ಮಾಂಸ, ಕೊಬ್ಬಿನಲ್ಲಿ ಹುರಿದ ಅಣಬೆ, ಉಪ್ಪುಪ್ಪಾದ ಗಟ್ಟಿ ಚೀಸು, ಹೀಗೆ ಏನಾದರೂ ಒಂದು. “ಬರೀ ಹೊಟ್ಟೇಲಿ ವೈನ್ ಕುಡಿದು ಅಭಿಪ್ರಾಯ ಹೇಳೋರು ಕನ್ನಡಕ ಇಲ್ಲದೆ ಪೇಪರ್ ಓದೋರು” ಎಂದು ದೊಡ್ಡಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮಾತು ತಮ್ಮದೇ ಎಂದು ಅವರು ನಂಬಿದ್ದರು. ಮದುವೆಯಾದ ಗಂಡಸರ ಒಳ್ಳೊಳ್ಳೆಯ ಮಾತುಗಳೆಲ್ಲ ಎಲ್ಲಿಂದ ಬರುತ್ತವೆ ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ದೊಡ್ಡಮ್ಮ ವೈನ್ ಕುಡಿಯುತ್ತಿದ್ದುದು ಚಮಚದಲ್ಲಿ. ಒಲೆಯ ಮುಂದೆ ನಿಂತು ಒಂದು ಚಮಚ ನಾಲಿಗೆಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, ಆಮೇಲೆ ಪಾತ್ರೆಗೆ ಇನ್ನಷ್ಟು ಕೊಬ್ಬೋ ಇನ್ನಷ್ಟು ಉಪ್ಪೋ ಹಾಕುತ್ತಿದ್ದಳು. ಅಡುಗೆಗೆ ಸುರಿಯುವ ಮುಂಚೆ ನೋಡುತ್ತಾಳೆ ಎಂದುಕೊಂಡಿದ್ದೆ. ಒಂದೊಂದು ವರ್ಷ ಇಡೀ ವರ್ಷ ಬರೀ ಕೊಬ್ಬಿನ ಮಾಂಸವೇ ಬೇಯುತ್ತಿತ್ತು, ಇನ್ನೊಂದು ವರ್ಷ ಅಣಬೆಯ ಮೇಲೆ ಪ್ರೀತಿ ಬರುತ್ತಿತ್ತು. ಅವಳ ಮನಸ್ಸು, ಅವಳ ಅಡುಗೆಮನೆ ಎಂದು ನಾನು ಬಡಿಸಿದ್ದನ್ನು ತಿಂದುಕೊಂಡಿದ್ದೆ.

ಹೋದ ವರ್ಷ ಮೇಲಿನ ಹಲಗೆಯಿಂದ ದಪ್ಪ ತಳದ ಪಾತ್ರೆ ತೆಗೆಯಲು ಸ್ಟೂಲು ಹತ್ತಿದವಳು ಸ್ಟೂಲಿನ ಸಮೇತ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿದು, ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ನೋವಿನ ಮಾತ್ರೆಯ ಮಂಪರಿನಲ್ಲಿ ಮಲಗಿಯೇ ಇರುತ್ತಿದ್ದಳು. ಅಡುಗೆಮನೆ ನನ್ನ ಕೈಗೆ ಬಂತು.

ನನ್ನ ಅಡುಗೆಯ ಬಗ್ಗೆ ಹೆಚ್ಚು ಹೇಳಿಕೊಳ್ಳುವಂಥದ್ದಿಲ್ಲ. ವಯಸ್ಸಾದವರಿಗೆ ಹಗುರವಾದ ಊಟ ಒಳ್ಳೆಯದು ಎಂದು ಎಲ್ಲೋ ಕೇಳಿದ್ದೆ. ಮೊದಲ ದಿನ ಸೇಬಿನ ಹೋಳು, ಸೌತೆಕಾಯಿ ಜೋಡಿಸಿ ನೆಲಮಾಳಿಗೆಗೆ ಕಳಿಸಿದೆ. ತಟ್ಟೆ ಖಾಲಿಯಾಗಿ ಬಂತು, ದೊಡ್ಡಪ್ಪನ ಮುಖ ಮಾತ್ರ ಹುಳಿ ಹಿಂಡಿದಂತಿತ್ತು. ಮರುದಿನ ಬೇಯಿಸಿದ ಮೀನು. “ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಿದೆ” ಎಂದರು, ಮೀನಿಗಲ್ಲ, ವೈನಿಗೆ. ನಾಲಿಗೆ ಚುರುಕಾಗಲಿ ಎಂದು ಅದರ ಮರುದಿನ ಹಸಿಮೆಣಸಿನಕಾಯಿ ಧಾರಾಳವಾಗಿ ಹಾಕಿ ಆಲೂಗಡ್ಡೆ ಹುರಿದೆ. ಕೆಮ್ಮುತ್ತಾ ಮೆಟ್ಟಿಲು ಹತ್ತಿ ಬಂದು ನೀರು ಕುಡಿದರು. ಆಮೇಲೆ ಪಾಪ ಎನಿಸಿ ಸಿಹಿ ಬನ್ನು ಕೊಟ್ಟೆ. ಅದರ ಮೇಲೆ ಕುಡಿದ ವೈನ್ ಕಹಿಯೆಂದರೆ ಕಹಿಯಾಗಿತ್ತಂತೆ. ಮೈತುಂಬಿದ ಕೆಂಪು ವೈನಿನ ಜೊತೆ ಏನೇನು ತಿನ್ನಬಾರದೋ ಅದನ್ನೆಲ್ಲ ಒಂದೊಂದಾಗಿ, ಅಚ್ಚುಕಟ್ಟಾಗಿ, ತಿನ್ನಿಸಿ ಮುಗಿಸಿದ್ದೆ.

ಆದರೆ ದೊಡ್ಡಪ್ಪ ನನ್ನ ತಟ್ಟೆಯನ್ನು ಅನುಮಾನಿಸಲಿಲ್ಲ. ವೈನನ್ನೂ ಅನುಮಾನಿಸಲಿಲ್ಲ. ದ್ರಾಕ್ಷಿ ಅದೇ, ಪೀಪಾಯಿ ಅದೇ, ಕೈ ಅದೇ. ಕೆಟ್ಟಿರುವುದು ತಮ್ಮ ನಾಲಿಗೆ ಎಂದುಕೊಂಡರು.

ಬಾಯಿಬಿಟ್ಟು ಹೇಳಲಿಲ್ಲ. ಬೈಯುವುದನ್ನು ನಿಲ್ಲಿಸಿದರು, ಅದರಿಂದ ನನಗೆ ಗಾಬರಿಯಾಯಿತು. ಒಂದು ಮಧ್ಯಾಹ್ನ ಗ್ಲಾಸುಗಳನ್ನು ಇಡಲು ಅಡುಗೆಮನೆಗೆ ಹೋದರೆ, ಅವರು ಬಾಗಿಲಿಗೆ ಬೆನ್ನು ಮಾಡಿ ನಿಂತು ಮಸಾಲೆಯ ಡಬ್ಬಿಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು. ಕಣ್ಣು ಮುಚ್ಚಿ ಮೂಸುವುದು, “ಲವಂಗ” ಎನ್ನುವುದು, ಕಣ್ಣು ಬಿಟ್ಟು ನೋಡುವುದು. ಲವಂಗವೇ ಆಗಿತ್ತು. ಚಿಟಿಕೆ ಕಾಫಿಪುಡಿ ನಾಲಿಗೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ನಿಂತರು. ಪರೀಕ್ಷೆಗೆ ಕೂತ ಮಗುವಿನ ಹಾಗೆ ಕಂಡರು. ನಾನು ಸದ್ದು ಮಾಡದೆ ಹಿಂದಕ್ಕೆ ಬಂದೆ.

ಆ ಸಂಜೆ ಕರೆದು ಹೇಳಿದರು. “ಯಜಮಾನಿಗೆ ಫೋನ್ ಮಾಡಿ ಈ ಸಲ ಬರೋದು ಬೇಡ ಅಂದುಬಿಡಮ್ಮ.”

ಯಜಮಾನಿ ಎಂದರೆ ದೊಡ್ಡ ಪೇಟೆಯಲ್ಲಿ ಹೋಟೆಲ್ ನಡೆಸುವ ಹೆಂಗಸು. ಪ್ರತಿ ವರ್ಷ ಹೊಸ ವೈನ್ ತಯಾರಾದಾಗ ಮೊದಲು ಬಂದು ರುಚಿ ನೋಡಿ, ತನಗೆ ಬೇಕಾದ ಪೀಪಾಯಿಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗುವವಳು.

“ಯಾಕೆ ದೊಡ್ಡಪ್ಪ?”

“ಸಗಟಿನವರಿಗೆ ಕೊಟ್ಟುಬಿಡ್ತೀನಿ. ಎಲ್ಲಾನೂ.”

ಸಗಟಿನವರು ಹತ್ತಾರು ಮನೆಗಳ ವೈನನ್ನು ಒಂದೇ ತೊಟ್ಟಿಗೆ ಸುರಿದು, ಬೆರೆಸಿ, ಯಾರ ಹೆಸರೂ ಇಲ್ಲದೆ ಮಾರುವವರು. ಅವರಿಗೆ ಕೊಡುವುದು ಎಂದರೆ ಈ ಕೆಲಸದಿಂದ ಕೈ ತೊಳೆದುಕೊಂಡ ಹಾಗೆ.

“ನನ್ನ ನಾಲಿಗೆ ಹೋಯ್ತು” ಎಂದರು. “ರುಚಿ ಗೊತ್ತಾಗದವನು ವೈನ್ ಮಾಡಿದ್ರೆ ಅದು ಮೋಸ. ನಿಮ್ಮ ದೊಡ್ಡಮ್ಮನಿಗೆ ಹೇಳ್ಬೇಡ, ಕೈ ನೋವಲ್ಲಿದ್ದಾಳೆ.”

ಹೇಳಬೇಡ ಎಂದು ನನಗೆ ಹೇಳುವುದು ಅವರಿಗೆ ಬುದ್ಧಿಯ ಕೆಲಸವಾಗಿ ಕಂಡಿರಬೇಕು. ನಾನು ನೆಟ್ಟಗೆ ದೊಡ್ಡಮ್ಮನ ಹಾಸಿಗೆಯ ಬಳಿ ಹೋಗಿ, ಲವಂಗದ ಡಬ್ಬಿಯಿಂದ ಸಗಟಿನವರವರೆಗೆ ಎಲ್ಲವನ್ನೂ ಹೇಳಿದೆ. ಅವಳು ಎದ್ದು ಕೂತಳು.

“ಇಷ್ಟು ದಿನ ಅವರಿಗೆ ತಿನ್ನೋಕೆ ಏನು ಕೊಟ್ಟೆ?” ಎಂದು ಕೇಳಿದಳು.

ಹೇಳಿದೆ. ಸೇಬು ಎಂದಾಗ ಕಣ್ಣು ಮುಚ್ಚಿದಳು. ಮೀನು ಎಂದಾಗ ಸರಿಯಿದ್ದ ಕೈಯನ್ನು ಹಣೆಗೆ ಹಚ್ಚಿಕೊಂಡಳು. ಬನ್ನು ಎಂದಾಗ, ಅಷ್ಟು ನೋವಿನಲ್ಲೂ, ನಗು ಬಂತು ಅವಳಿಗೆ. ನಗುತ್ತಲೇ ಅಳತೊಡಗಿದಳು.

“ಅವರ ನಾಲಿಗೆಗೆ ಏನೂ ಆಗಿಲ್ಲ ಕಣೇ. ವೈನೇ ಹಾಗಿರೋದು. ಮೊದಲಿಂದಲೂ.”

ನನಗೆ ಅರ್ಥವಾಗಲಿಲ್ಲ. ಆಗ ಹೇಳಿದಳು. ಮದುವೆಯಾದ ಹೊಸತು. ದೊಡ್ಡಪ್ಪ ತಮ್ಮ ಅಪ್ಪನ ಜೊತೆ ಜಗಳವಾಡಿ, ಸ್ವಂತಕ್ಕೆ ಮೊದಲ ಬಾರಿ ವೈನ್ ಮಾಡಿದ್ದರು. ಪೀಪಾಯಿಯಿಂದ ತೆಗೆದ ಮೊದಲ ಗ್ಲಾಸನ್ನು, ತಾವೂ ರುಚಿ ನೋಡದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ತಂದರು. ಅವಳು ಒಲೆಯ ಮುಂದಿದ್ದಳು. ಒಂದು ಗುಟುಕು ಕುಡಿದಳು.

“ಹಸಿ ಬಾಳೆಕಾಯಿ ಕಚ್ಚಿದ ಹಾಗಾಯ್ತು. ನಾಲಿಗೆ, ಒಸಡು, ಎಲ್ಲ ಒಗರು. ಬಾಯಿ ಒಣಗಿ ಅಂಟಿಕೊಂಡುಬಿಡ್ತು. ಕಣ್ಣೆತ್ತಿ ನೋಡಿದ್ರೆ ಅವರು ನನ್ನನ್ನೇ ನೋಡ್ತಾ ಇದ್ದಾರೆ. ಆ ಮುಖ ನೋಡಿದ್ರೆ ನಿನಗೂ ನಿಜ ಹೇಳೋಕೆ ಆಗ್ತಿರಲಿಲ್ಲ. ಚೆನ್ನಾಗಿದೆ ಅಂದೆ. ನೀವು ಬರೀ ಹೊಟ್ಟೇಲಿ ಕುಡೀಬೇಡಿ, ಊಟದ ಜೊತೆ ಕುಡೀರಿ ಅಂತ ಕೈಯಿಂದ ಕಿತ್ಕೊಂಡೆ. ಒಲೆ ಮೇಲೆ ಕೊಬ್ಬಿನ ಮಾಂಸ ಇತ್ತು, ಒಂದು ಚೂರು ಹೆಚ್ಚಿಗೆ ಉಪ್ಪು ಹಾಕಿ ಬಡಿಸಿದೆ. ತಿಂದ್ರು, ಕುಡಿದ್ರು. ಕುರ್ಚಿಯಿಂದ ಎದ್ದು ಕುಣಿದ್ರು. ನಾನೂ ತಿಂದು ಕುಡಿದು ನೋಡಿದೆ, ಒಗರು ಎಲ್ಲೋ ಹೋಗಿಬಿಟ್ಟಿತ್ತು. ಸದ್ಯ ಬದುಕಿದೆ ಅಂದ್ಕೊಂಡೆ. ಅವತ್ತಿಂದ ಬರೀ ಬಾಯಲ್ಲಿ ಅವರಿಗೆ ವೈನ್ ಮುಟ್ಟೋಕೆ ಬಿಟ್ಟಿಲ್ಲ.”

ವೈನ್ ಹೆಚ್ಚು ಒಗರಾದ ವರ್ಷ ಹೆಚ್ಚು ಕೊಬ್ಬು, ಹೆಚ್ಚು ಉಪ್ಪು. ಸ್ವಲ್ಪ ಮೃದುವಾದ ವರ್ಷ ಅಣಬೆ, ಚೀಸು. ಗಂಡನ ವೈನಿನ ದೋಷವನ್ನು ಊರಿಗೆ ಕಾಣಿಸದಂತೆ, ಗಂಡನಿಗೂ ಕಾಣಿಸದಂತೆ, ಬಡಿಸಿ ಬಡಿಸಿ ಮುಚ್ಚಿಟ್ಟಿದ್ದಳು.

ನನಗೆ ದಾರಿ ಸುಲಭವಾಗಿ ಕಂಡಿತು. “ಅಷ್ಟೇ ತಾನೆ? ನೀನು ಕೂತು ಹೇಳು, ನಾನು ಮಾಡ್ತೀನಿ. ಮಾಂಸ ತಿಂದು ವೈನ್ ಕುಡೀಲಿ, ನಾಲಿಗೆ ವಾಪಸ್ ಬಂತು ಅಂದ್ಕೋತಾರೆ. ಯಾರಿಗೂ ಏನೂ ಗೊತ್ತಾಗಲ್ಲ.”

ದೊಡ್ಡಮ್ಮ ಪ್ಲಾಸ್ಟರನ್ನು ನೋಡಿಕೊಂಡಳು. “ಇವತ್ತು ಕೈ ಮುರೀತು. ನಾಳೆ ನಾನೇ ಹೋಗಿಬಿಟ್ರೆ?” ಎಂದಳು. “ಹೆಂಡತಿಯೂ ಇಲ್ಲ, ನಾಲಿಗೆಯೂ ಇಲ್ಲ ಅಂತ ಕೂತ್ಕೋತಾರಲ್ಲೇ. ಅಷ್ಟು ಹೆದರಿಸಿ ಹೋಗೋಕೆ ನನಗಾಗಲ್ಲ. ಹೇಳ್ಬೇಕು.”

“ಹೇಳಿದ್ರೆ ಸಹಿಸ್ತಾರಾ?”

“ಗೊತ್ತಿಲ್ಲ” ಎಂದಳು. ಅವಳು ಅಷ್ಟು ಭಯಪಟ್ಟದ್ದನ್ನು ನಾನು ನೋಡಿರಲಿಲ್ಲ.

ಮರುದಿನ ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೇಳಿದಂತೆ ನಾನು ಅಡುಗೆ ಮಾಡಿದೆ. ಹಾಗೆ ಬೈಸಿಕೊಂಡದ್ದು ಶಾಲೆ ಬಿಟ್ಟ ಮೇಲೆ ಅದೇ ಮೊದಲು. ಮಾಂಸದ ನೀರು ಒರೆಸು ಎಂದಳು, ಒರೆಸಿದೆ. ಜೋರು ಉರಿಯಲ್ಲಿ ಒಂದು ಬದಿ ಕೆಂಪಗಾಗುವವರೆಗೆ ಮುಟ್ಟಬೇಡ ಎಂದಳು. ನಾನು ಮುಟ್ಟಿದೆ. “ಮುಟ್ಟಬೇಡ ಅಂದೆನಲ್ಲ! ಕೈಗೆ ಏನು ತುರಿಕೆಯೇ ನಿನಗೆ?” ಎಂದಳು. ಈರುಳ್ಳಿ ಬಾಡಿ ಬಣ್ಣ ತಿರುಗಿದ ಮೇಲೆ ಮೆಣಸು, ಉಪ್ಪು, ಒಂದು ಲೋಟ ನಮ್ಮದೇ ವೈನು. ಮುಚ್ಚಳ ಮುಚ್ಚಿ, ಉರಿ ಸಣ್ಣಗೆ ಮಾಡಿ, ಮಾಂಸ ಚಮಚಕ್ಕೆ ಬಿಡಿಬಿಡಿಯಾಗುವವರೆಗೆ ಕಾದೆವು. ಬಾಟಲಿಯ ವೈನನ್ನು ಅಗಲ ಬಾಯಿಯ ಹೂಜಿಗೆ ಸುರಿದು, ಗಾಳಿಯಾಡಲಿ ಎಂದು ಬಿಟ್ಟೆವು.

ದೊಡ್ಡಪ್ಪ ಊಟಕ್ಕೆ ಬಂದರು. ತಿಂದರು. ಬೇಡದ ಮನಸ್ಸಿನಲ್ಲೇ ಗ್ಲಾಸು ಎತ್ತಿ ಕುಡಿದರು. ಇನ್ನೊಂದು ಗುಟುಕು ಕುಡಿದರು. ಮುಖದ ಮೇಲೆ ಬೆಳಕು ಏರಿದ್ದನ್ನು ನಾನು ಕಣ್ಣಾರೆ ನೋಡಿದೆ.

“ಬಂತು ಕಣೇ!” ಎಂದರು ದೊಡ್ಡಮ್ಮನಿಗೆ. “ನಾಲಿಗೆ ಬಂತು! ನಿನಗೆ ಹೇಳಿರಲಿಲ್ಲ, ಇಷ್ಟು ದಿನ ನಾನು…”

ಅಲ್ಲಿಗೆ ನಿಲ್ಲಿಸಿಬಿಡು ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ. ಎಡಗೈಯಲ್ಲಿ ಸೇಬಿನ ಹೋಳೊಂದನ್ನು ಅವರ ತಟ್ಟೆಗೆ ಹಾಕಿದಳು.

“ನೀರು ಕುಡಿದು ಬಾಯಿ ತೊಳ್ಕೊಳ್ಳಿ. ಇದನ್ನ ತಿಂದು ಅದೇ ಗ್ಲಾಸಿಂದ ಕುಡೀರಿ.”

ಹಾಗೇ ಮಾಡಿದರು. ಬೆಳಕು ಇಳಿಯಿತು. “ಮತ್ತೆ ಹೋಯ್ತು” ಎಂದರು.

“ಮಾಂಸ ತಿಂದು ಕುಡೀರಿ.”

ಕುಡಿದರು. ಗ್ಲಾಸನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ನಿಧಾನವಾಗಿ ತಿಳಿಯುತ್ತಾ ಬಂತು ಎಂದು ಕಾಣುತ್ತದೆ. ಅವಳು ತಲೆ ತಗ್ಗಿಸಿ, ಮೊದಲ ಗ್ಲಾಸಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. “ನಿಮ್ಮ ನಾಲಿಗೆ ಸರಿಯಾಗೇ ಇದೆ. ವೈನ್ ಒಗರು. ನಾನೇ ಮುಚ್ಚಿಟ್ಟೆ. ತಪ್ಪಾಯ್ತು.”

ದೊಡ್ಡಪ್ಪ ಕೈ ತೊಳೆದುಕೊಂಡು ಕೆಳಗೆ ಹೋದರು.

ಆಮೇಲಿನ ದಿನಗಳು ಯಾರಿಗೂ ಬೇಡ. ಊಟಕ್ಕೆ ಬರುತ್ತಿದ್ದರು, ತಿಂದು ಎದ್ದು ಹೋಗುತ್ತಿದ್ದರು. ಕೆಳಗೆ ಒಬ್ಬರೇ ಕೂತು ಹಳೆಯ ವರ್ಷಗಳ ಬಾಟಲಿಗಳನ್ನೂ ತೆಗೆದು, ಬರೀ ಬಾಯಲ್ಲಿ ರುಚಿ ನೋಡುತ್ತಿದ್ದರು. ಪೀಕದಾನಿಗೆ ಉಗುಳುವ ಸದ್ದು ಮೇಲಿನವರೆಗೆ ಕೇಳುತ್ತಿತ್ತು. ಒಂದೊಂದು ಸಲ ಉಗುಳಿದಾಗಲೂ ದೊಡ್ಡಮ್ಮ ಬೆಚ್ಚುತ್ತಿದ್ದಳು. “ನನ್ನ ಬಾಯಿ ಸುಮ್ಮನಿರಬೇಕಿತ್ತು” ಎನ್ನುತ್ತಿದ್ದಳು.

ಅವಳಿಗೆ ನಾನು ಒಂದು ಮಾತು ಹೇಳಬೇಕೆಂದಿದ್ದೆ, ಆಗ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಈ ಮನೆಗೆ ಬಂದಾಗ ನಾನು ಯಾರ ಬಾಯಿಗೂ ಹಿಡಿಸದ ಹೆಣ್ಣು. ಮಾತೆತ್ತಿದರೆ ಕಚ್ಚುತ್ತಿದ್ದೆ. ತವರಲ್ಲಿ ಎಲ್ಲರೂ ನೀನು ಬದಲಾಗಬೇಕು ಎಂದರು. ದೊಡ್ಡಮ್ಮ ಒಂದು ದಿನವೂ ಹಾಗೆನ್ನಲಿಲ್ಲ. ನಾನು ಸಿಡುಕಿದ ದಿನ ಬಂದವರ ಜೊತೆ ತಾನೇ ಬಂದು ನಿಂತು ಮೆತ್ತಗೆ ಮಾತಾಡುತ್ತಿದ್ದಳು, ನನ್ನ ಒರಟು ಮಾತು ಅವರಿಗೆ ತಮಾಷೆಯಾಗಿ ಕೇಳಿಸುವಂತೆ. ಬಂದವರು ಹೋಗುವಾಗ “ನಿಮ್ಮ ಹುಡುಗಿ ಬಹಳ ಚುರುಕು” ಎಂದು ಹೇಳಿಹೋಗುತ್ತಿದ್ದರು. ಹಾಗೆ ಕೇಳಿ ಕೇಳಿಯೇ ನಾನು ಚುರುಕಿನವಳಾದೆ. ಅವಳ ಋಣ ನನ್ನ ಮೇಲೂ ಇದೆ, ದೊಡ್ಡಪ್ಪನ ಮೇಲಿರುವಷ್ಟೇ.

ಯಜಮಾನಿಗೆ ನಾನು ಫೋನ್ ಮಾಡಿರಲಿಲ್ಲ. ಮರೆತೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ಅವಳು ತನ್ನ ದಿನಕ್ಕೆ ಸರಿಯಾಗಿ, ಹಣೆಯ ಬೆವರು ಒರೆಸಿಕೊಳ್ಳುತ್ತಾ, ಬೀದಿಯಿಂದಲೇ ಜೋರಾಗಿ ಮಾತಾಡುತ್ತಾ ಬಂದಳು. ದಪ್ಪ ದನಿ, ದಪ್ಪ ಕೈ, ಕಂಡದ್ದನ್ನು ಕಂಡಂತೆ ಹೇಳುವ ಬಾಯಿ. ದೊಡ್ಡಮ್ಮನ ಪ್ಲಾಸ್ಟರ್ ನೋಡಿ, “ಇದೇನಮ್ಮಾ, ಪೀಪಾಯಿ ಎತ್ತೋಕೆ ಹೋಗಿದ್ದೆಯಾ?” ಎಂದಳು.

ನಾನು ಮಾಂಸದ ತಟ್ಟೆ ತರಲು ಎದ್ದೆ. ಅಷ್ಟರಲ್ಲಿ ದೊಡ್ಡಪ್ಪ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಹೊಸ ವೈನಿನ ಹೂಜಿ.

“ತಟ್ಟೆ ಬೇಡ” ಎಂದರು. “ಇವತ್ತು ಬರೀ ವೈನು.”

ದೊಡ್ಡಮ್ಮ ಗೋಡೆಗೆ ಒರಗಿಕೊಂಡಳು. ಯಜಮಾನಿ ಅಚ್ಚರಿಯಿಂದಲೇ ಗ್ಲಾಸು ತೆಗೆದುಕೊಂಡು, ಬಣ್ಣ ನೋಡಿ, ಮೂಸಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಕೆನ್ನೆ ಒಳಕ್ಕೆ ಹೋಯಿತು. ಉಗುಳಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟಳು.

“ಅಬ್ಬಾ, ಏನು ಒಗರು!”

“ಹೌದು” ಎಂದರು ದೊಡ್ಡಪ್ಪ. “ಇದೊಂದೇ ವರ್ಷ ಅಲ್ಲ, ಎಲ್ಲ ವರ್ಷವೂ ಹೀಗೇ. ನೀವು ಇಷ್ಟು ವರ್ಷ ಹೊಗಳಿದ್ದು ನನ್ನ ವೈನನ್ನಲ್ಲ. ಇವಳ ಅಡುಗೇನ. ನನಗೂ ಈಗ ತಾನೇ ಗೊತ್ತಾಗಿದ್ದು. ನಿಮಗೆ ಹೇಳದೆ ಮಾರೋಕೆ ಮನಸ್ಸು ಬರಲಿಲ್ಲ. ಇನ್ನು ನಿಮ್ಮಿಷ್ಟ.”

ಯಜಮಾನಿ ಅವರನ್ನು ನೋಡಿದಳು, ದೊಡ್ಡಮ್ಮನನ್ನು ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಆ ನಗುವಿಗೆ ಮೇಜಿನ ಮೇಲಿನ ಗ್ಲಾಸುಗಳೆಲ್ಲ ಕಿಣಿಗುಟ್ಟಿದವು.

“ಅಲ್ಲ ಸಾಹುಕಾರ್ರೇ, ನಾನು ಏನು ಕೊಂಡ್ಕೋತೀನಿ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ನನ್ನ ಹತ್ರ ಬರೋರು ಬರೀ ಗ್ಲಾಸ್ ಹಿಡ್ಕೊಂಡು ಕಿಟಕಿ ನೋಡ್ತಾ ಕೂರೋಕೆ ಬರಲ್ಲ. ಹಸಿದು ಬರ್ತಾರೆ, ಉಣ್ಣೋಕೆ ಬರ್ತಾರೆ. ಬಾಯಿಗಿಟ್ಟ ಕೂಡ್ಲೇ ನುಣ್ಣಗಿರೋ ವೈನ್ ನನಗೆ ಬೇಕಾದಷ್ಟು ಸಿಗುತ್ತೆ. ಮಾಂಸದ ಪಕ್ಕ ಇಟ್ರೆ ಅದು ನೀರು, ಇದ್ದಿದ್ದೇ ಗೊತ್ತಾಗಲ್ಲ. ನಿಮ್ಮದು ನಿಲ್ಲುತ್ತೆ. ಕೊಬ್ಬು ತಿಂದ ಬಾಯನ್ನ ತೊಳೆದು, ಇನ್ನೊಂದು ತುತ್ತಿಗೆ ತಯಾರು ಮಾಡುತ್ತೆ. ಅದಕ್ಕೆ ಒಗರು ಬೇಕೇ ಬೇಕು. ಒಂಟಿಯಾಗಿ ಕುಡಿಯೋಕೆ ಮಾಡಿದ ವೈನ್ ಅಲ್ಲ ಇದು.” ಕಣ್ಣೊರೆಸಿಕೊಂಡು ದೊಡ್ಡಮ್ಮನ ಕಡೆ ತಿರುಗಿದಳು. “ಇನ್ನು ನಿನ್ನ ಅಡುಗೆ ವಿಷಯ. ಪ್ರತಿ ವರ್ಷ ಇಲ್ಲಿ ತಟ್ಟೇಲಿ ಏನಿಡ್ತೀಯೋ, ಹೋಗಿ ಆ ವರ್ಷವಿಡೀ ನಮ್ಮ ಹೋಟೆಲಲ್ಲೂ ಅದನ್ನೇ ಮಾಡಿಸ್ತೀನಿ. ಕದೀತೀನಿ ಅಂದ್ರೂ ಸರಿ. ಈ ವೈನಿಗೆ ಏನು ಬೇಕು ಅಂತ ನಿನಗೆ ಗೊತ್ತಿರೋಷ್ಟು ನನಗೆ ಗೊತ್ತಿಲ್ಲ.”

ದೊಡ್ಡಮ್ಮ ಗೋಡೆ ಬಿಟ್ಟು ಮುಂದೆ ಬಂದಳು. ಮೆಲ್ಲಗೆ, “ಹಾಗಾದ್ರೆ ಇದು ಕೆಟ್ಟ ವೈನ್ ಅಲ್ವಾ?” ಎಂದಳು.

ದೊಡ್ಡಪ್ಪ ಗಕ್ಕನೆ ಅವಳ ಕಡೆ ತಿರುಗಿದರು. “ಇಷ್ಟು ವರ್ಷ ಕೆಟ್ಟದ್ದು ಅಂತಾನೇ ಅಂದ್ಕೊಂಡಿದ್ದೆಯಾ?”

“ಹೂಂ.”

“ಕೆಟ್ಟದ್ದು ಅಂದ್ಕೊಂಡೇ ಪ್ರತಿ ವರ್ಷ ಅದಕ್ಕೆ ಅಂತ ಅಷ್ಟು ಅಡುಗೆ ಮಾಡಿದೆಯಾ?”

“ಏನ್ ಮಾಡ್ಲಿ,” ಎಂದಳು ದೊಡ್ಡಮ್ಮ. “ನೀವು ಮಾಡಿದ್ದಲ್ವಾ.”

ಯಜಮಾನಿ ತನ್ನ ಗ್ಲಾಸು ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ಬೀದಿ ನೋಡುತ್ತಾ ನಿಂತಳು. ಬೀದಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ದೊಡ್ಡಪ್ಪ ಅಡುಗೆಮನೆಗೆ ಹೋದರು. ಯಾವ ಪಾತ್ರೆಯಲ್ಲಿ ಏನಿದೆ ಎಂದು ಗೊತ್ತಿಲ್ಲದವರು, ಮುಚ್ಚಳಗಳನ್ನೆಲ್ಲ ಸದ್ದು ಮಾಡಿ ತೆರೆದು, ಕೊನೆಗೆ ಮಾಂಸದ ತಟ್ಟೆ ಹಿಡಿದು ಬಂದರು. ದೊಡ್ಡಮ್ಮನನ್ನು ರುಚಿ ನೋಡುವವರ ಕುರ್ಚಿಯ ಮೇಲೆ ಕೂರಿಸಿದರು. ಅವಳು ಆ ಕುರ್ಚಿಯನ್ನು ಒರೆಸಿದ್ದಳೇ ಹೊರತು ಕೂತಿರಲಿಲ್ಲ. ಪಕ್ಕದಲ್ಲಿ ಕೂತು, ಮಾಂಸವನ್ನು ಸಣ್ಣಗೆ ಬಿಡಿಸಿದರು.

“ಆವತ್ತು ಅಡುಗೆಮನೇಲಿ ನೀನು ನಿಜ ಹೇಳಿದ್ರೆ ನಾನು ಅವತ್ತೇ ಬಿಟ್ಟುಬಿಡ್ತಿದ್ದೆ” ಎಂದರು. “ಅಪ್ಪನ ಮುಂದೆ ತಲೆ ತಗ್ಗಿಸಿ, ಎಲ್ಲೋ ಒಂದು ಕಡೆ ಗುಮಾಸ್ತನಾಗಿ ಸೇರ್ಕೋತಿದ್ದೆ. ಮತ್ತೆ ದ್ರಾಕ್ಷಿ ಮುಟ್ತಿರಲಿಲ್ಲ. ನಾನು ವೈನ್ ಮಾಡಿದ ಒಂದೊಂದು ವರ್ಷವೂ ನೀನು ಕೊಟ್ಟಿದ್ದು.”

“ಸಾಕು ಸುಮ್ನಿರಿ. ಜನ ಇದ್ದಾರೆ.”

“ಇರಲಿ. ಕೇಳಲಿ.”

ತುತ್ತು ಎತ್ತಿ ಅವಳ ಬಾಯಿಗೆ ಇಟ್ಟರು. ಅವಳು ಅಗಿದಳು. ಗ್ಲಾ­ಸನ್ನು ತಾವೇ ಅವಳ ತುಟಿಗೆ ಹಿಡಿದರು. “ಈಗ ಹೇಳು. ಹೇಗಿದೆ?”

ದೊಡ್ಡಮ್ಮ ಅವಸರ ಮಾಡಲಿಲ್ಲ. ವೈನನ್ನು ಬಾಯೊಳಗೆಲ್ಲ ಓಡಾಡಿಸಿ ನುಂಗಿದಳು. ಕಣ್ಣಲ್ಲಿ ನೀರು ತುಂಬಿತ್ತು.

“ಚೆನ್ನಾಗಿದೆ” ಎಂದಳು.

“ನಿಜವಾಗಿ?”

“ನಿಜವಾಗಿ ರೀ. ಇನ್ನೊಂದು ಗುಟುಕು ಕೊಡಿ.”